ಇಪ್ಪತ್ತೇಳಕ್ಕೇ ಬಿ.ಪಿ.

ಮುದಸಿರ್ ನನ್ನ ಔಷಧಿ ಅಂಗಡಿಗೆ ದಿನಕ್ಕೆ ಮೂರು ಸಲ ಬರುತ್ತಿದ್ದ. ಬಂದವನು ಕೂರುತ್ತಿರಲಿಲ್ಲ. ಬೆಂಚಿಗೆ ಒರಗಿ ತೋಳು ಚಾಚುವನು, ನಾನು ಬಿ.ಪಿ. ಮಷೀನಿನ ಪಟ್ಟಿ ಸುತ್ತುವಷ್ಟರಲ್ಲಿ ಕಾಲು ಕುಣಿಸಲು ಶುರು. ಜೇಲಂ ನದಿ ದಡದ ನಮ್ಮ ಹಳ್ಳಿಯಲ್ಲಿ ಕ್ರಿಕೆಟ್ ಬ್ಯಾಟು ಮಾಡುವ ಹುಡುಗ. ಮರದ ದಿಮ್ಮಿಯನ್ನು ಒಬ್ಬನೇ ಹೆಗಲಿಗೇರಿಸುವ ಮೈಕಟ್ಟು. ವಯಸ್ಸು ಇಪ್ಪತ್ತೇಳು, ಬಿ.ಪಿ. ನೂರಾ ಅರವತ್ತೆಂಟು.

"ಚಾಚಾ, ನಿಮ್ಮ ಮಷೀನು ಕೆಟ್ಟಿದೆ."

"ಕೆಟ್ಟಿರೋದು ನಿನ್ನ ತಲೆ. ಐದು ನಿಮಿಷ ಅಲ್ಲಾಡ್ದೆ ಕೂತ್ಕೋ, ಆಮೇಲೆ ನೋಡೋಣ."

ಅದು ಅವನಿಂದಾಗದು. ಕಾರಣವೂ ಇತ್ತು. ಹೋದ ವರ್ಷ ಸೇಬಿನ ಪೆಟ್ಟಿಗೆ ಹೊರುತ್ತಿದ್ದ ಅವನ ಅಣ್ಣ ಫಯಾಜ್ ತಲೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಮೂವತ್ತೊಂದು ವಯಸ್ಸು. ಬಿ.ಪಿ. ಏರಿ ಮೆದುಳಿನ ರಕ್ತನಾಳ ಒಡೆದಿದೆ ಎಂದರು ಡಾಕ್ಟರು. ದೃಷ್ಟಿಯಾಯಿತು ಎಂದಿತು ಊರು. ಗಟ್ಟಿ ಆಳು ಎಂದು ಅವನ ತೋಳಿಗೆ ನಾನು ಒಂದು ಸಲವೂ ಪಟ್ಟಿ ಸುತ್ತಿರಲಿಲ್ಲ. ಅಂದಿನಿಂದ ತಲೆ ಸ್ವಲ್ಪ ಭಾರವಾದರೂ ಮುದಸಿರ್‌ಗೆ ತನ್ನ ಸರದಿ ಬಂತೆಂಬ ಭಯ.

ಡಾಕ್ಟರು ಅವನಿಗೆ ದಿನಕ್ಕೊಂದು ಮಾತ್ರೆ ಬರೆದಿದ್ದರು. ಚೀಟಿ ಜೇಬಿನಲ್ಲೇ ಮಾಸುತ್ತಿತ್ತು.

"ಅದು ಮುದುಕರ ಮಾತ್ರೆ ಚಾಚಾ. ಊರಿಗೆ ಗೊತ್ತಾದ್ರೆ ನಂಗೆ ಹೆಣ್ಣು ಕೊಡೋರ್ಯಾರು?"

"ಹೆಣಕ್ಕೂ ಯಾರೂ ಹೆಣ್ಣು ಕೊಡಲ್ಲ ಕಣೋ."

ಅನ್ನಬಾರದಿತ್ತು. ನನ್ನ ಬಾಯೇ ಹಾಗೆ. ಅವನ ಮುಖ ಬಿಳುಪಾಯಿತು.

"ಒಂದು ತಿಂಗಳು ಟೈಮ್ ಕೊಡಿ, ಉಪ್ಪು ಬಿಟ್ಬಿಡ್ತೀನಿ" ಎಂದ.

ಅವನ ತಾಯಿ ಹಾಜ್ರಾ ಅದನ್ನು ವ್ರತದಂತೆ ಹಿಡಿದಳು. ಸೊಪ್ಪಿನ ಸಾರು ಸಪ್ಪೆ, ಮಾಂಸ ಸಪ್ಪೆ, ಉಪ್ಪಿನಕಾಯಿಯ ಭರಣಿ ಪಕ್ಕದ ಮನೆಗೆ. ಅವನು ಬೆಳಿಗ್ಗೆ ಕಾಲುವೆಯುದ್ದಕ್ಕೂ ಓಡಿದ. ಬಿ.ಪಿ. ಮಾತ್ರ ಜಗ್ಗಲಿಲ್ಲ. ನೂರಾ ಅರವತ್ತಾರು, ಮಾರನೆಯ ದಿನ ನೂರಾ ಎಪ್ಪತ್ತು. ಕೆಲಸದ ನಡುವೆ ಉಳಿ ಕೆಳಗಿಟ್ಟು ನಾಡಿ ಹಿಡಿದು ನೋಡಿಕೊಳ್ಳುವನು, ಜೊತೆಯವರ ಮೇಲೆ ರೇಗುವನು. ನೋಡುತ್ತಾ ನೋಡುತ್ತಾ ನನಗೂ ದಿಗಿಲು ಹತ್ತಿತು.

ತಿಂಗಳು ಮುಗಿದ ಬೆಳಿಗ್ಗೆ ಮಷೀನು, ಜೊತೆಗೆ ಆ ಮಾತ್ರೆಯನ್ನೂ ಚೀಲಕ್ಕೆ ಹಾಕಿಕೊಂಡು ನಾನೇ ಅವರ ಮನೆಗೆ ಹೋದೆ. ಹಾಜ್ರಾ ಕೂರಿಸಿ, ಕೆನೆ ತೇಲುವ ಗುಲಾಬಿ ಬಣ್ಣದ ಚಹಾ ಬಗ್ಗಿಸಿ, ಬಿಸಿ ರೊಟ್ಟಿ ಕೊಟ್ಟಳು. ಮುದಸಿರ್‌ಗೆ ಅದು ಮೂರನೆಯ ಬಟ್ಟಲು.

"ಅಡಿಗೆಗೆ ಒಂದು ಚಿಟಿಕೇನೂ ಹಾಕ್ತಿಲ್ವಾ, ಹಾಜ್ರಾ?"

"ಖುದಾ ಆಣೆ ಭಾಯ್‌ಜಾನ್, ಹಾಕಿದ್ರೆ ನನ್ನ ಕೈ ಸೇದೋಗ್ಲಿ!" ಎನ್ನುತ್ತಲೇ ಅವಳು ಒಲೆಯ ಮೇಲೆ ಕುದಿಯುತ್ತಿದ್ದ ಚಹಾಕ್ಕೆ ಡಬ್ಬಿಯಿಂದ ಏನನ್ನೋ ಎರಡು ಚಮಚ ಸುರಿದಳು.

"ಈಗ ಹಾಕಿದ್ದೇನು?"

"ಉಪ್ಪು. ಅದಿಲ್ದೆ ಚಹಾ ಆಗುತ್ತಾ?" ಅವಳಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿತ್ತು. "ಚಹಾ ಅಂದ್ರೆ ಊಟ ಅಲ್ವಲ್ಲ!"

ಅವಳನ್ನು ಯಾವ ಮುಖ ಇಟ್ಟುಕೊಂಡು ಬೈಯಲಿ? ಅದೇ ಉಪ್ಪಿನ ಚಹಾ ಹೀರುತ್ತಾ, ಉಪ್ಪು ಮುಟ್ಟಬೇಡವೋ ಎಂದು ತಿಂಗಳಿಡೀ ಅವನಿಗೆ ಉಪದೇಶ ಕೊಟ್ಟವನು ನಾನು. ಈ ಕಣಿವೆಯಲ್ಲಿ ಹುಟ್ಟಿದವರಿಗೆ ಚಹಾದೊಳಗಿನ ಉಪ್ಪು ಉಪ್ಪೆಂದು ತೋರುವುದೇ ಇಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ದಿನಕ್ಕೆಷ್ಟು ಕುಡೀತಾನೆ?"

"ಏಳೋ ಎಂಟೋ. ಊಟ ಸಪ್ಪೆ ಅಂತ ಈಗ ಎರಡು ಜಾಸ್ತಿ."

ಚಹಾದ ಉಪ್ಪೂ ಉಪ್ಪೇ, ಬಿ.ಪಿ. ಇಳಿಯದ್ದು ಅದಕ್ಕೇ ಎಂದು ಬಿಡಿಸಿ ಹೇಳಿದೆ. ಮುದಸಿರ್ ಮೊದಲು ನಕ್ಕುಬಿಟ್ಟ. ಹಾಜ್ರಾ ನಗಲಿಲ್ಲ. ಸೌಟು ಹಿಡಿದುಕೊಂಡೇ ನೆಲದ ಮೇಲೆ ಕುಳಿತಳು.

"ಹಾಗಾದ್ರೆ ಫಯಾಜ್‌ಗೆ? ಅವನಿಗೂ ನಾನೇ ತಾನೇ ಬಗ್ಗಿಸಿ ಕೊಡ್ತಿದ್ದಿದ್ದು?"

ಮುದಸಿರ್ ಎದ್ದು ನನ್ನ ಚೀಲಕ್ಕೆ ಕೈ ಹಾಕಿ ಮಾತ್ರೆ ತೆಗೆದು ತಾಯಿಯ ಕಡೆ ತಿರುಗಿದ.

"ಚಹಾದಿಂದ ಅಲ್ಲ ಮೌಜೀ. ಅಣ್ಣ ಒಂದ್ಸಲನೂ ಬಿ.ಪಿ. ನೋಡಿಸ್ಕೊಳ್ಲಿಲ್ಲ, ಮಾತ್ರೆ ತಗೊಳ್ಲಿಲ್ಲ. ಅದಕ್ಕೇ ಹಾಗಾಯ್ತು. ಅಲ್ವಾ ಚಾಚಾ?" ಎಂದು ನನ್ನನ್ನು ದಿಟ್ಟಿಸಿದ.

"ಅದಕ್ಕೇ" ಎಂದೆ.

ಅವನು ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದ. ಹಾಜ್ರಾ ಎದ್ದು ಅವನ ಬಳಿ ಬಂದು ಗಲ್ಲ ಹಿಡಿದಳು.

"ಬಾಯಿ ತೆಗಿ."

ತೆಗೆದ. ನಾಲಿಗೆ ಎತ್ತಿಸಿ ಅದರಡಿಯನ್ನೂ ನೋಡಿದಳು. ನೋಡಿದ ಮೇಲೂ ಗಲ್ಲ ಬಿಡಲಿಲ್ಲ.