ಕೋಟೆ ಬಾಗಿಲಲ್ಲಿ ಒಡೆದ ಕಾಯಿ

ನನ್ನ ಮೊಮ್ಮಗಳಿಗೆ ಚಿತ್ರದುರ್ಗದ ಕೋಟೆಯಲ್ಲಿ ಗೈಡ್ ಕೆಲಸ ಸಿಕ್ಕಿತು ಅಂತ ಕೇಳಿದ್ದೇ ತಡ, ನಮ್ಮೂರು ಶಿವನಿ ತುಂಬಾ ಸಕ್ಕರೆ ಹಂಚಿಬಿಟ್ಟೆ. ಆಮೇಲೆ ಗೊತ್ತಾಯ್ತು, ಕೆಲಸ ಇನ್ನೂ ಖಾಯಂ ಆಗಿಲ್ಲವಂತೆ. ಸಾಹೇಬರು ಒಂದು ದಿನ ಬಂದು, ಅವಳು ಜನಕ್ಕೆ ಹೇಳೋದು ಕೇಳಿ, ಇಟ್ಟುಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲವಂತೆ. ತಿಂದ ಸಕ್ಕರೆ ವಾಪಸ್ ಕೇಳೋಕಾಗುತ್ತಾ? ಸಾಹೇಬರು ಬರೋ ದಿನ ನಾನೇ ಬಸ್ಸು ಹತ್ತಿದೆ.

"ಬಾ ಅಜ್ಜಿ. ಆದ್ರೆ ನನ್ನ ಗುರುತೇ ಇಲ್ದೋಳ ಥರ ಹಿಂದುಗಡೆ ನಿಂತಿರು" ಅಂತ ಫೋನಲ್ಲಿ ಹೇಳಿದ್ದಳು.

ಕೋಟೆ ಅಂದ್ರೆ ಕೋಟೆ ಕಣ್ರೀ! ಬೆಟ್ಟಕ್ಕೆ ಏಳು ಸುತ್ತು ಗೋಡೆ, ಕಲ್ಲಿಗೆ ಕಲ್ಲು ಕಚ್ಚಿಕೊಂಡು ಕೂತಿದೆ. ಫಿರಂಗಿಗೆ ಬಗ್ಗದ ಗೋಡೆ ಬೀಗದ ಕೈಲಿ ಗೀಚೋರಿಗೆ ಬಗ್ಗಿದೆ, ಅಷ್ಟೇ. ಕಟ್ಟಿಸಿದೋರ ಹೆಸರು ನನಗೆಲ್ಲೂ ಕಾಣಲಿಲ್ಲ, ಲವ್ ಮಾಡಿದೋರ ಹೆಸರು ಎದೆಯೆತ್ತರಕ್ಕೆ ಸಾಲಾಗಿ ಕೆತ್ತಿದ್ದಾರೆ. 'ಬರೆಯಬೇಡಿ' ಅನ್ನೋ ಬೋರ್ಡಿನ ಮೇಲೂ ಒಂದು ಜೋಡಿ. ನಾನು ಓದಿದ್ದು ಮೂರನೇ ಕ್ಲಾಸು, ಅಷ್ಟು ಓದೋಕೆ ಸಾಕಾಯ್ತು.

ಸಾಹೇಬರು ಇನ್ನೊಬ್ಬನ ಕೈಲಿ ಕೊಡೆ ಹಿಡಿಸಿಕೊಂಡು ಬಂದರು. ಕೋಟೆ ನೋಡಿದ್ದಕ್ಕಿಂತ ಫೋನು ನೋಡಿದ್ದೇ ಜಾಸ್ತಿ. ಮೊಮ್ಮಗಳು ಮೊದಲ ಬಾಗಿಲಲ್ಲಿ ನಿಂತು ಶುರು ಮಾಡಿದಳು: ದಾರಿ ಯಾಕೆ ಸೊಟ್ಟ ತಿರುಗಿದೆ, ಆನೆ ಓಡಿಬಂದು ಯಾಕೆ ಗುದ್ದೋಕಾಗಲ್ಲ... ಹೆಂಗೆ ಹೇಳ್ತಾಳೆ ಅಂತೀರಿ! ಹಿಗ್ಗು ತಡೆಯೋಕಾಗಲಿಲ್ಲ. ಹೊಸ್ತಿಲಲ್ಲಿ ಕಾಯಿ ಒಡೆಯದೆ ಹೊಸ ಕೆಲಸಕ್ಕೆ ಕೈ ಹಾಕೋರುಂಟಾ ನಮ್ಮ ಕಡೆ? ಚೀಲದಿಂದ ಹಿತ್ತಲ ತೆಂಗಿನಕಾಯಿ ತೆಗೆದು ಬಾಗಿಲ ಕಲ್ಲಿಗೆ ಕುಟ್ಟೇಬಿಟ್ಟೆ. ನೀರು ಸೀದಾ ಸಾಹೇಬರ ಬೂಟಿಗೆ ಚಿಮ್ಮಿತು.

"ಯಾರ್ರೀ ಈಯಮ್ಮ?"

"ಆ ಹುಡುಗಿ ಯಾರೋ ನಂಗೆ ಗೊತ್ತೇ ಇಲ್ಲ ಸ್ವಾಮಿ!" ಅಂದೆ. ಅವರು ಹುಡುಗಿ ವಿಷಯ ಕೇಳೇ ಇರಲಿಲ್ಲ.

ಮೊಮ್ಮಗಳು ಮುಂದೆ ಬಂದಳು.

"ನಮ್ಮಜ್ಜಿ ಸಾರ್" ಅಂದಳು. ನನ್ನ ಕಡೆ ತಿರುಗಿ, "ಅಜ್ಜಿ, ಈ ಕಲ್ಲು ಕಾಯಿ ಕುಟ್ಟೋಕಲ್ಲ. ಯಾರಾದ್ರೂ ಅಷ್ಟೇ, ನೀನಾದ್ರೂ ಅಷ್ಟೇ. ಚೂರು ಆರಿಸು, ಕಲ್ಲು ಒರೆಸು."

ಕುಕ್ಕರುಗಾಲಲ್ಲಿ ಕೂತು ಚೂರು ಆರಿಸಿ, ಸೆರಗಿನಲ್ಲೇ ಕಲ್ಲು ಒರೆಸಿದೆ. ಜನ ವಿಡಿಯೋ ತೆಗೆದರು. ಸಾಹೇಬರು ಮೊದಲ ಸಲ ಫೋನು ಜೇಬಿಗಿಟ್ಟು, "ಸ್ವಂತ ಅಜ್ಜಿನೇ ಬಿಡದೋಳು ಇನ್ಯಾರನ್ನ ಬಿಡ್ತೀಯ? ನಿನ್ನ ಕೆಲಸ ಖಾಯಂ ಕಣಮ್ಮ" ಅಂದರು.

ಅಷ್ಟು ಜನರ ಮುಂದೆ ಬೈಸಿಕೊಂಡು ಅಷ್ಟು ಹಿಗ್ಗಿದೋಳು ನಮ್ಮ ಕಡೂರು ಸೀಮೇಲೇ ಇನ್ನೊಬ್ಬಳಿಲ್ಲ. ಮೊಮ್ಮಗಳು ಹತ್ತಿರ ಬಂದು ಬಗ್ಗಿದಳು. ನನ್ನ ಎಬ್ಬಿಸೋಕೆ ಅಂದುಕೊಂಡು ಕೈ ಚಾಚಿದೆ.

"ಆ ಮೂಲೇಲಿ ಇನ್ನೊಂದು ಚೂರಿದೆ ಅಜ್ಜಿ" ಅಂದಳು.