ಫೆಲಿಕ್ಸನ ಸಿಡಿ, ನಿಂಗಮ್ಮನ ಗದ್ದೆ

ಇವತ್ತು ಬೆಳಗ್ಗೆ ಬೆಳಗೋಡಿನ ಗದ್ದೆಯೊಂದರಲ್ಲಿ ಕಳ್ಳನ ಹಾಗೆ ಸಿಕ್ಕಿಬಿದ್ದೆ, ಗೆಳೆಯರೇ. ಗಿಣಿಗಳನ್ನು ಹೆದರಿಸಲು ತೆನೆಗಳ ಮೇಲೆ ಹಳೇ ಸಿಡಿಗಳನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟಿದ್ದರು. ಒಂದರ ಮೇಲೆ ಫೆಲಿಕ್ಸನ ಸಹಿ ಇತ್ತು.

ಫೆಲಿಕ್ಸ್ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದವನು, ನನ್ನ ಗೆಳೆಯ. ಹೋದ ತಿಂಗಳು ತೀರಿಕೊಂಡ. ಫಿನ್ಲೆಂಡಿನ ಒಬ್ಬ ಸಂಗೀತಗಾರನ ಆರ್ಕೆಸ್ಟ್ರಾ ಸಿಡಿಗಳೆಂದರೆ ಅವನಿಗೆ ಪ್ರಾಣ. ಅದರಲ್ಲೊಂದರಲ್ಲಿ ಪಿಟೀಲುಗಳ ನಡುವೆ ಆ ದೇಶದ ಜೌಗಿನ ಹಕ್ಕಿಗಳೇ ಕೂಗುತ್ತವೆ. ಪ್ರತಿ ಭಾನುವಾರ ಚರ್ಚಿನಿಂದ ಬಂದು ನನ್ನನ್ನೂ ಕೂರಿಸಿಕೊಂಡು ಅದನ್ನು ಹಾಕುತ್ತಿದ್ದ.

ನನಗೆ ಸಿಟ್ಟು ಬಂತು. ಗದ್ದೆಗಿಳಿದು ಬಿಚ್ಚತೊಡಗಿದೆ. ಗದ್ದೆಯ ಒಡತಿ ನಿಂಗಮ್ಮ ಕುಡುಗೋಲು ಹಿಡಿದೇ ಬಂದರು.

“ಯಾಕ್ರೀ ಬಿಚ್ತಾ ಇದೀರಿ? ಗಿಣಿ ಬಂದ್ರೆ ನೀವು ಕಾಯ್ತೀರಾ?”

“ಸತ್ತವನ ಸಂಗೀತ ಕಣಮ್ಮ ಇದು. ಯಾರು ಕೊಟ್ಟಿದ್ದು ನಿಮಗೆ?”

“ಸಾಯೋಕೆ ವಾರ ಮುಂಚೆ ರೈಟ್ರೇ ತಂದು ಕಟ್ಟಿದ್ದು ಕಣ್ರೀ. ಹಕ್ಕಿ ಕೂಗೂ ಕೇಳ್ದಂಗೆ ಕಿವಿ ಹೋಗ್ಬುಟ್ಟೈತೆ, ನನಗಿನ್ಯಾಕೆ ಇವು ಅಂದ್ರು. ಕಿವಿ ವರ್ಷದಿಂದ ಹಂಗೇ ಇತ್ತಂತೆ. ಭಾನುವಾರ ಅವ್ರ ಜೊತೇಲಿ ಕೂತು ಕೇಳ್ತಿದ್ದೋರು ನೀವೇ ಅಲ್ವಾ, ನಿಮಗೆ ಗೊತ್ತಾಗ್ಲಿಲ್ವಾ?”

ಗೊತ್ತಾಗಿರಲಿಲ್ಲ. ಕಳೆದ ವರ್ಷವೆಲ್ಲ ಅವನು ನಡುನಡುವೆ “ಹಕ್ಕಿ ಬಂದ್ವೇನೋ?” ಎಂದು ಕೇಳುತ್ತಿದ್ದ. ನನ್ನನ್ನು ಪರೀಕ್ಷಿಸುತ್ತಿದ್ದಾನೆ ಎಂದುಕೊಂಡು, ಕಣ್ಣು ಮುಚ್ಚಿದ್ದ ನಾನು “ಬಂದ್ವು, ಬಂದ್ವು” ಎಂದು ಪಂಡಿತನ ಹಾಗೆ ತಲೆಯಾಡಿಸುತ್ತಿದ್ದೆ.

ಬಿಚ್ಚಿದ್ದನ್ನೆಲ್ಲ ಮತ್ತೆ ಕಟ್ಟಿ ಬಂದೆ. ಸಂಗೀತವನ್ನು ಹೇಗೆ ಕೇಳಬೇಕು ಎಂದು ನಾನು ಇಲ್ಲಿ ಬರೆದಿದ್ದ ಉದ್ದುದ್ದ ಪೋಸ್ಟ್‌ಗಳನ್ನು ಈಗಷ್ಟೇ ಅಳಿಸಿದ್ದೇನೆ. ಲೈಕ್ ಒತ್ತಿದ್ದವರು ಕ್ಷಮಿಸಿ.