ನಾನು ಹಾರಿಸಿದೆ ಎಂದುಕೊಂಡಿದ್ದ ವಿಮಾನ

ಮಹದೇವಪುರದಲ್ಲಿ ರಿಮೋಟ್ ವಿಮಾನ ಮಾರುವ ಹಾಬಿ ಶಾಪಿನವರು ಮೊದಲು ಕೇಳಿದ್ದೇ, "ಮೊಮ್ಮಗನಿಗಾ ಮೇಡಂ?"

"ನನಗೆ," ಅಂದೆ. "ನರ್ವಸ್ ಬಿಗಿನರ್. ಬಿದ್ದರೂ ಮುರಿಯದಂಥದ್ದು ಕೊಡಿ."

ಅವರು ನಗಲಿಲ್ಲ, ಅದೇ ದೊಡ್ಡದು. ಮರದ ಚಂದದ ಮಾಡೆಲ್‌ಗಳನ್ನು ಸರಿಸಿ ಫೋಮಿನ ಒಂದು ಟ್ರೈನರ್ ವಿಮಾನ ತೆಗೆದರು. ಪ್ರೊಪೆಲ್ಲರ್ ಹಿಂದೆ, ಮೂಗು ಗುದ್ದಿದರೂ ಅದಕ್ಕೆ ಪೆಟ್ಟಿಲ್ಲ. ರೆಕ್ಕೆ ಬೆನ್ನ ಮೇಲೆ, ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ್ದು.

"ಬಿದ್ರೆ ರೆಕ್ಕೆ ಬಿಟ್ಕೊಳತ್ತೆ, ಮುರಿಯಲ್ಲ. ಜೊತೆಗೆ ಗೈರೋ ಇದೆ ಮೇಡಂ. ನೀವು ತಪ್ಪು ಮಾಡಿದ್ರೂ ಅದೇ ಸರಿ ಮಾಡ್ಕೊಳತ್ತೆ."

"ಅದನ್ನ ಆಫ್ ಮಾಡಬಹುದಾ?"

"ಮಾಡ್ಬೋದು. ಆದ್ರೆ ಯಾಕೆ?"

ನಲವತ್ತು ವರ್ಷ ನನ್ನ ತಪ್ಪುಗಳನ್ನು ನನ್ನ ಗಂಡ ಸರಿ ಮಾಡಿದ್ದರು. ಅದಕ್ಕೆ ಇನ್ನೊಂದು ಮೆಷೀನ್ ಬೇಕಿರಲಿಲ್ಲ.

ನನ್ನ ಗಂಡನಿಗೂ ಇದೇ ಹುಚ್ಚಿತ್ತು. ವೈಟ್‌ಫೀಲ್ಡಿನ ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಭಾನುವಾರವೆಂದರೆ ವರ್ತೂರಿನ ಬಯಲು, ವಿಮಾನ, ರಿಮೋಟು. ನಾನು ಫ್ಲಾಸ್ಕು ಹಿಡಿದು ನಿಲ್ಲುವವಳು. ನಾನೂ ಹಾರಿಸಲಾ ಎಂದು ಕೇಳಿದಾಗೆಲ್ಲ, "ನಿನ್ ಕೈ ನಡುಗತ್ತೆ ಕಣೇ, ಬೀಳಿಸ್ತೀಯ." ಒಂದೇ ಒಂದು ಸಂಜೆ, ಸ್ನೇಹಿತರ ಎದುರು, ಎರಡನೇ ರಿಮೋಟನ್ನು ತಮ್ಮದಕ್ಕೆ ವೈರಿನಲ್ಲಿ ಜೋಡಿಸಿ ನನ್ನ ಕೈಗೆ ಕೊಟ್ಟರು. ವಿಮಾನ ಬಯಲಿನ ಮೇಲೆ ಒಂದು ಸುತ್ತು ಬಂತು. ಗೆರೆ ಎಳೆದ ಹಾಗೆ, ಪರ್ಫೆಕ್ಟ್ ಸರ್ಕಲ್. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಹಾಗೆ ನಾನು ಗಂಡನಿಗೆ ಥ್ಯಾಂಕ್ಯೂ ಹೇಳಿದೆ.

ಮತ್ತೆಂದೂ ಕೊಡಲಿಲ್ಲ. ಆದರೂ ಅವರು ತೀರಿಕೊಂಡ ಮೇಲೆ, ಆ ಒಂದು ಸುತ್ತು ನನ್ನದು ಎಂಬುದು ಉಳಿದಿತ್ತು. ಅದನ್ನು ಇನ್ನೊಮ್ಮೆ ಹಾರಿಸಬೇಕೆಂದೇ ಅಂಗಡಿಗೆ ಹೋಗಿದ್ದು.

ಮುಂದಿನ ಭಾನುವಾರ ಅಂಗಡಿಯವರೇ ಕಲಿಸಲು ವರ್ತೂರಿನ ಕಡೆಗೆ ಕರೆದೊಯ್ದರು. ಈಗ ಅಲ್ಲಿ ಉಳಿದಿರುವುದು ಒಂದು ತುಂಡು ಹೊಲ; ಮೂರು ಕಡೆ ಅಪಾರ್ಟ್‌ಮೆಂಟು, ಇನ್ನೊಂದು ಕಡೆಯಿಂದ ಕೆರೆಯ ನಾತ. ಹೊಲದ ಯಜಮಾನರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

"ಅಕ್ಕೋ, ನಮ್ ಬಾಡಿಗೆ ಮನೆ ಟ್ಯಾಂಕ್ ಮ್ಯಾಲೆ ಬೀಳಿಸ್ಬೇಡಿ. ನಮ್ಗೆ ಮೊದ್ಲೇ ನೀರಿಲ್ಲ."

ಇಲ್ಲಿಯೂ ಎರಡು ರಿಮೋಟು. ಅಂಗಡಿಯವರು ಗೈರೋ ಆಫ್ ಮಾಡಿ, ವಿಮಾನವನ್ನು ಮೇಲಕ್ಕೇರಿಸಿ, ತಮ್ಮ ರಿಮೋಟಿನ ಒಂದು ಸ್ವಿಚ್ಚು ತೋರಿಸಿದರು. "ಇದನ್ನ ನಾನು ಒತ್ತಿ ಹಿಡ್ಕೊಂಡಿರೋವರೆಗೂ ವಿಮಾನ ನಿಮ್ದು ಮೇಡಂ. ಬೆರಳು ತೆಗೆದ್ರೆ ನಂದು."

ಒತ್ತಿದರು. ವಿಮಾನ ಕುಡಿದವನಂತೆ ತೂರಾಡಿತು. ಹೆಬ್ಬೆರಳು ಕೂದಲೆಳೆಯಷ್ಟು ಸರಿದರೆ ವಾಲುತ್ತಿತ್ತು, ಮೂಗು ತಗ್ಗಿಸುತ್ತಿತ್ತು. ನನ್ನ ಕೈಯ ನಡುಕವೆಲ್ಲ ಆಕಾಶದಲ್ಲಿ ಕಾಣುತ್ತಿತ್ತು.

ಆಗ ಗೊತ್ತಾಯಿತು. ಆ ಸಂಜೆ ನನ್ನ ಕೈ ಇದಕ್ಕಿಂತ ಹೆಚ್ಚು ನಡುಗಿತ್ತು. ವಿಮಾನ ಒಮ್ಮೆಯೂ ನಡುಗಿರಲಿಲ್ಲ. ನನ್ನ ಗಂಡ ಆ ಸ್ವಿಚ್ಚು ಒತ್ತಿಯೇ ಇರಲಿಲ್ಲ; ಹಾರಿಸಿದ್ದು ಅವರೇ. ಸ್ನೇಹಿತರೂ ಹಾರಿಸಬಲ್ಲವರೇ. ಗೊತ್ತಿದ್ದೂ ಚಪ್ಪಾಳೆ ತಟ್ಟಿದ್ದರು.

"ಮೇಡಂ, ಇಳೀತಾ ಇದೆ. ನಾನ್ ತಗೊಳ್ಲಾ?"

"ಬೇಡ. ಬೆರಳು ತೆಗೀಬೇಡಿ."

ರಾಗಿ ಕೂಳೆಯ ಮೇಲೆ ಬಿತ್ತು. ರೆಕ್ಕೆ ಕಳಚಿಕೊಂಡು ಅಷ್ಟು ದೂರ ಹೋಯಿತು.

"ನಾನ್ ಹೇಳ್ಲಿಲ್ವಾ, ಏನೂ ಆಗಿಲ್ಲ," ಎಂದು ಅಂಗಡಿಯವರು ಎತ್ತಿ ತಂದರು. ಫೋಮಿನ ಮೂಗಿನಲ್ಲಿ ಒಂದು ತಗ್ಗು, ಅಷ್ಟೇ. ಸರಿ ಮಾಡಿಕೊಡುತ್ತೇನೆ ಎಂದರು, ನಾನು ಕೊಡಲಿಲ್ಲ. ನಾನು ಹಾರಿಸಿದ್ದಕ್ಕೆ ಇರುವ ಗುರುತು ಅದೊಂದೇ.

ಗಂಡನಿಗೆ ಅಂದು ಹೇಳಿದ ಥ್ಯಾಂಕ್ಯೂ ಮಾತ್ರ ವಾಪಸ್ ಕೇಳೋಣವೆಂದರೆ, ಅವರಿಲ್ಲ.